ತಪ್ಪು ಮೌಂಟಿನದೋ, ಮನುಷ್ಯನದೋ

ಎಲ್ಲದಕ್ಕೂ ಕಾರಣ ಒಂದು ತಿರುಪು. ಅಕ್ಕಿಕಾಳಿನಷ್ಟು ಉದ್ದ, ಅಷ್ಟೇ ಬಡಕಲು. ಅದು ನೆಟ್ಟಗೆ ತನ್ನ ತೂತಿನಲ್ಲಿ ಕೂತಿದ್ದರೆ ನಿರ್ದೇಶಕರ ಟೊಪ್ಪಿಗೆಗೆ ತೂತು ಬೀಳುತ್ತಿರಲಿಲ್ಲ. ಟೊಪ್ಪಿಗೆಗೆ ತೂತು ಬೀಳದಿದ್ದರೆ ಮೆಮೊ ಬರುತ್ತಿರಲಿಲ್ಲ. ಮೆಮೊ ಬರದಿದ್ದರೆ ನಾನೂ ಈ ಕತೆ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ.

ಒಂದು ಮೃಗಾಲಯದ ಆಸ್ಪತ್ರೆಯಲ್ಲಿ ಒಬ್ಬ ಕಾಂಪೌಂಡರ್ ಇದ್ದ. ಡಾಕ್ಟರು ಮದ್ದು ಬೆರೆಸಿ ಕೊಟ್ಟರೆ ಅದನ್ನು ಸೂಜಿಗೆ ತುಂಬಿ, ಸೂಜಿಯನ್ನು ಬಂದೂಕಿಗೆ ತುಂಬಿ, ದೂರ ನಿಂತು ಪ್ರಾಣಿಯ ತೊಡೆಗೆ ಹೊಡೆದು ನಿದ್ದೆ ಬರಿಸುವುದು ಅವನ ಕೆಲಸ. ಹುಲಿಯ ಉಗುರು ಕತ್ತರಿಸಬೇಕು ಅಂದರೆ ಹುಲಿಯ ಹತ್ತಿರ ಹೋಗಿ "ಸ್ವಲ್ಪ ಕಾಲು ಕೊಡಿ" ಅನ್ನೋದಕ್ಕಾಗುತ್ತದೆಯೇ? ಮೊದಲು ಇವನು ಹೊಡೆಯಬೇಕು, ಹುಲಿ ಮಲಗಬೇಕು, ಆಮೇಲೆ ಡಾಕ್ಟರು ಧೈರ್ಯವಾಗಿ ಒಳಗೆ ಹೋಗಬೇಕು. ಹದಿನೇಳು ವರ್ಷದಿಂದ ಹೀಗೇ ನಡೆದಿತ್ತು. ಎಲ್ಲರೂ ಅವನನ್ನು ಗುರಿಕಾರ ಅಂತಲೇ ಕರೆಯುತ್ತಿದ್ದರು. ಹಾಗೆ ಕರೆದಾಗ ಅವನ ಎದೆ ಒಂದಂಗುಲ ಉಬ್ಬುತ್ತಿತ್ತು, ಅದನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ.

ಈಗ ಬಂದೂಕಿನ ವಿಷಯಕ್ಕೆ ಬರೋಣ. ಬಂದೂಕಿನ ಬೆನ್ನ ಮೇಲೆ ಗುರಿ ನೋಡೋದಕ್ಕೆ ಒಂದು ದುರ್ಬೀನು. ಆ ದುರ್ಬೀನನ್ನು ಅಲುಗಾಡದ ಹಾಗೆ ಕಚ್ಚಿ ಹಿಡಿಯೋದಕ್ಕೆ ಎರಡು ಉಕ್ಕಿನ ಬಳೆ, ಬಳೆಗಳ ಕೆಳಗೆ ಒಂದು ಪಟ್ಟಿ, ಎಲ್ಲಕ್ಕೂ ಸೇರಿ ಎಂಟು ತಿರುಪು. ಇದಕ್ಕೆ ಮೌಂಟ್ ಅನ್ನುತ್ತಾರೆ. ಮೌಂಟಿಗೆ ವಯಸ್ಸಾದರೆ ಏನಾಗುತ್ತದೆ ಅಂತ ಗುರಿಕಾರನನ್ನು ಕೇಳಬೇಕು. ಇವತ್ತು ಬಿಗಿ ಮಾಡಿದ ತಿರುಪು ನಾಳಿದ್ದು ಸಡಿಲ. ಥ್ರೆಡ್ ಸವೆದು ತಿರುಗಿಸಿದಷ್ಟೂ ತಿರುಗುತ್ತದೆ, ಕಚ್ಚುವುದಿಲ್ಲ. ಬಳೆಯ ಒಳಗೆ ತುಕ್ಕು, ದುರ್ಬೀನಿನ ಮೈಮೇಲೆ ಗೀರು. ಜೀಪಿನಲ್ಲಿ ಒಂದು ಸುತ್ತು ಹೋಗಿಬಂದರೆ ಸಾಕು, ಜಗಳವಾಡಿಕೊಂಡ ಗಂಡ ಹೆಂಡಿರ ಹಾಗೆ ದುರ್ಬೀನು ಒಂದು ಕಡೆ ನೋಡುತ್ತದೆ, ನಳಿಗೆ ಇನ್ನೊಂದು ಕಡೆ. ಇಲ್ಲಿ ಕೂದಲೆಳೆಯಷ್ಟು ಓರೆಯಾದರೆ ಮೂವತ್ತು ಹೆಜ್ಜೆ ಆಚೆ ಎರಡು ಗೇಣು ತಪ್ಪುತ್ತದೆ. ಇದನ್ನು ಬಿಗಿ ಮಾಡಿ ಮಾಡಿ ಉಪಯೋಗವಿಲ್ಲ, ಬದಲಾಯಿಸಲೇಬೇಕು.

ಬದಲಾಯಿಸೋದಕ್ಕೆ ಹೊಸ ಮೌಂಟು ಇರಲಿಲ್ಲವೇ ಅಂದರೆ, ಇತ್ತು. ಆರು ವರ್ಷದಿಂದ ಸ್ಟೋರ್‌ಕೀಪರರ ಬೀರುವಿನಲ್ಲಿ, ಎಣ್ಣೆ ಕಾಗದದೊಳಗೆ, ತೊಟ್ಟಿಲ ಕೂಸಿನ ಹಾಗೆ ಬೆಚ್ಚಗೆ ಮಲಗಿತ್ತು.

"ಕೊಡಿ ಸಾರ್, ಹಳೇದು ಸತ್ತುಹೋಗಿದೆ," ಅಂತ ಗುರಿಕಾರ ತಿಂಗಳಿಗೊಮ್ಮೆ ಹೋಗಿ ಕೇಳುತ್ತಿದ್ದ.

"ಸತ್ತಿದೆ ಅಂತ ನೀವು ಹೇಳಿದ್ರೆ ಆಗಲ್ಲ ಕಣ್ರೀ. ಸಮಿತಿ ನೋಡಬೇಕು. ಸಮಿತಿ ಎದುರಿಗೇ ಅದು ಕೆಡಬೇಕು. ಕೆಟ್ಟಿದ್ದನ್ನ ಕಣ್ಣಾರೆ ಕಂಡು ಸಮಿತಿ ಬರೆದುಕೊಡಬೇಕು. ಆಗ ಕೊಡ್ತೀನಿ, ನನಗೇನು ಇಟ್ಕೊಂಡು ಪೂಜೆ ಮಾಡೋ ಆಸೆಯಾ?" ಅನ್ನುತ್ತಿದ್ದರು ಸ್ಟೋರ್‌ಕೀಪರು, ಬೀರುವಿನ ಬೀಗವನ್ನು ಇನ್ನೊಮ್ಮೆ ಎಳೆದು ನೋಡುತ್ತ.

ಹೀಗಿರುವಾಗ ಹೋದ ವಾರ ಕರಡಿಯ ಹುಳುಕು ಹಲ್ಲು ಕೀಳುವ ದಿನ ಬಂತು. ನಿರ್ದೇಶಕರು ಖುದ್ದು ನೋಡೋದಕ್ಕೆ ಬಂದರು. ಸೆಕೆ ಅಂತ ಟೊಪ್ಪಿಗೆ ತೆಗೆದು ಕಂಬಿಯ ಮೇಲಿಟ್ಟರು. ಗುರಿಕಾರ ಉಸಿರು ಹಿಡಿದು, ಕರಡಿಯ ತೊಡೆಗೆ ಸರಿಯಾಗಿ ಗುರಿಯಿಟ್ಟು ಹೊಡೆದ. ಸೂಜಿ ಕರಡಿಯನ್ನು ಬಿಟ್ಟು, ಡಾಕ್ಟರನ್ನು ಬಿಟ್ಟು, ಟೊಪ್ಪಿಗೆಯನ್ನು ಹುಡುಕಿಕೊಂಡು ಹೋಯಿತು. ಟೊಪ್ಪಿಗೆ ಕಂಬಿಯಿಂದ ಕೆಳಗೆ ಬಿತ್ತು. ಕರಡಿ ಅದನ್ನು ಬಹಳ ಹೊತ್ತು ಕುತೂಹಲದಿಂದ ನೋಡಿತು.

ಮರುದಿನವೇ ಮೆಮೊ. 'ತಪ್ಪು ಉಪಕರಣದ್ದೋ ಮನುಷ್ಯನದ್ದೋ ಎಂಬುದನ್ನು ಮೂವರ ಸಮಿತಿ ಗುರುವಾರ ಹನ್ನೊಂದು ಗಂಟೆಗೆ ಪರೀಕ್ಷಿಸತಕ್ಕದ್ದು. ಉಪಕರಣ ಸರಿಯಿದೆ ಎಂದು ಕಂಡುಬಂದಲ್ಲಿ ಕಾಂಪೌಂಡರನ್ನು ಟಿಕೆಟ್ ಕಿಟಕಿಗೆ ವರ್ಗಾಯಿಸತಕ್ಕದ್ದು.'

ಗುರುವಾರ ಬೆಳಿಗ್ಗೆ ಗುರಿಕಾರ ತಿಂಡಿಯ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದ.

"ಟಿಕೆಟ್ ಕಿಟಕಿ ಅಂದ್ರೆ ಅಷ್ಟೊಂದು ಹೆದರಿಕೆ ಯಾಕ್ರೀ? ನೆರಳಲ್ಲಿ ಕೂತು ಮಾಡೋ ಕೆಲಸ. ಕಚ್ಚೋರಿಲ್ಲ, ಒದೆಯೋರಿಲ್ಲ," ಅಂದಳು ಹೆಂಡತಿ.

"ನಿನಗೆ ಗೊತ್ತಾಗಲ್ಲ ಕಣೇ. ಅದು ಡಬ್ಬಿ. ಒಂದು ಕುರ್ಚಿ, ಒಂದು ತೂತು. ತೂತಿನಿಂದ ಬರೀ ಕೈಗಳು ಬರ್ತವೆ, ಮುಖ ಕೂಡ ಕಾಣಲ್ಲ. ಆ ಕರಡಿ ನನ್ನ ಹೆಜ್ಜೆ ಸಪ್ಪಳ ಕೇಳಿದ್ರೆ ಎದ್ದು ಬರುತ್ತೆ, ಗೊತ್ತಾ?"

"ಸೂಜಿ ಚುಚ್ಚೋನು ಬಂದ ಅಂತ ಬಯ್ಯೋಕೆ ಬರುತ್ತೇನೋ."

"ಬಯ್ಯೋಕೇ ಬರಲಿ. ಬರುತ್ತಲ್ಲ," ಅಂದ ಗುರಿಕಾರ. ಹೆಂಡತಿ ಮುಂದೆ ತಮಾಷೆ ಮಾಡಲಿಲ್ಲ. ಡಬ್ಬಿಗೆ ಇನ್ನೊಂದು ಸೌಟು ಅನ್ನ ಹಾಕಿ, "ಆ ಮೌಂಟು ಕೆಟ್ಟೇ ಕೆಡುತ್ತೆ, ಧೈರ್ಯವಾಗಿ ಹೋಗಿ," ಅಂತ ಹರಸಿ ಕಳಿಸಿದಳು.

ಅವನಿಗೂ ಆ ನಂಬಿಕೆ ಇತ್ತು. ಆರು ವರ್ಷದಿಂದ ದಿನಾ ಕೈಕೊಡುತ್ತಿದ್ದ ಮೌಂಟು ಇವತ್ತೊಂದು ದಿನ ಕೈಕೊಡದೆ ಇರುತ್ತದೆಯೇ? ನಿನ್ನೆ ಸಂಜೆ ಹೊರಡುವ ಮುಂಚೆ ದುರ್ಬೀನನ್ನು ಬೆರಳಲ್ಲಿ ಅಲುಗಾಡಿಸಿ ನೋಡಿದ್ದ. ಬಿದ್ದುಹೋಗುವ ಹಲ್ಲಿನ ಹಾಗೆ ಚೆನ್ನಾಗಿ ಅಲುಗಾಡುತ್ತಿತ್ತು.

ಎಂಟೂವರೆಗೆ ಆಸ್ಪತ್ರೆಗೆ ಬಂದು ನೋಡುತ್ತಾನೆ, ಬಂದೂಕು ಮೇಜಿನ ಮೇಲೆ ಫಳಫಳ ಹೊಳೆಯುತ್ತಿದೆ. ಪಕ್ಕದಲ್ಲಿ ಗೇಟಿನ ಟಿಕೆಟ್ ಕಿಟಕಿಯಲ್ಲಿ ಕೂರುವ ಟಿಕೆಟ್ ಅಕ್ಕ ಮತ್ತು ಮೃಗಾಲಯದ ಎಲೆಕ್ಟ್ರಿಷಿಯನ್ ಮದುವೆ ಮಾಡಿ ಮುಗಿಸಿದವರ ಹಾಗೆ ಕೈಕಟ್ಟಿ ನಿಂತಿದ್ದಾರೆ.

ಈ ಮೃಗಾಲಯದ ಒಂದು ಪದ್ಧತಿಯನ್ನು ಇಲ್ಲಿ ಹೇಳಿಬಿಡಬೇಕು. ಅಲ್ಲಿ ತಪಾಸಣೆ ಅಂದರೆ ಬಣ್ಣ. ಯಾರೇ ತಪಾಸಣೆಗೆ ಬರಲಿ, ಏನನ್ನೇ ನೋಡೋದಕ್ಕೆ ಬರಲಿ, ಬರುವ ಮುಂಚೆ ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆದು, ಉಜ್ಜಿ, ಬಿಗಿ ಮಾಡಿ, ಬಣ್ಣ ಬಳಿದು ಇಡುವುದು. ಒಂದು ಸಲ ಲೆಕ್ಕ ತಪಾಸಣೆಯವರು ಬಂದಾಗ ಆಮೆಗಳ ಬೆನ್ನಿಗೂ ಎಣ್ಣೆ ಸವರಿದ್ದರು. ಹೀಗಾಗಿ ಗುರಿಕಾರನ ಬಂದೂಕಿಗೆ ತಪಾಸಣೆ ಇದೆ ಅಂತ ಕೇಳಿದ ಕೂಡಲೇ, ಅವನ ಮೇಲಿನ ಅಭಿಮಾನಕ್ಕೆ ಇವರಿಬ್ಬರೂ ಏಳು ಗಂಟೆಗೇ ಬಂದು, ಬಾಗಿಲ ಹಿಂದಿನ ಮೊಳೆಯಿಂದ ಬಂದೂಕಿನ ಪೆಟ್ಟಿಗೆಯ ಬೀಗದ ಕೈ ತೆಗೆದುಕೊಂಡು, ಕೆಲಸಕ್ಕೆ ಕೂತಿದ್ದರು.

"ತಮ್ಮಾ, ನೀನೇನೂ ಯೋಚನೆ ಮಾಡಬೇಡ," ಅಂದಳು ಅಕ್ಕ. "ಎಂಟೂ ತಿರುಪಿಗೆ ಉಗುರಿನ ಬಣ್ಣ ಹಾಕಿದ್ದೀನಿ. ಒಣಗಿತು ಅಂದ್ರೆ ಜಪ್ಪಯ್ಯ ಅಂದ್ರೂ ಅಲುಗಾಡಲ್ಲ. ನನ್ನ ಹೊಲಿಗೆ ಮಷೀನಿಗೂ ಅದನ್ನೇ ಹಾಕೋದು."

"ಬಳೆ ಒಳಗಡೆ ನಾನು ತಗಡಿನ ತುಂಡು ತೂರಿಸಿದ್ದೀನಿ," ಅಂದ ಎಲೆಕ್ಟ್ರಿಷಿಯನ್. "ಈಗ ದುರ್ಬೀನು ಹಿಡಿದು ಬಂದೂಕನ್ನೇ ಎತ್ತಬಹುದು. ನೋಡ್ತೀಯಾ?" ಅಂತ ಎತ್ತಿಯೂ ತೋರಿಸಿದ.

ಗುರಿಕಾರ ತಲೆ ಮೇಲೆ ಕೈಹೊತ್ತು ಕೂತ. "ಅಕ್ಕಾ, ಇವತ್ತು ಅದು ಕೆಡಬೇಕಿತ್ತು."

"ಕೆಡಬೇಕಿತ್ತಾ? ನೀನು ತಪಾಸಣೆ ಇದೆ ಅಂತ ತಾನೇ ಹೇಳಿದ್ದು? ಕೆಡಬೇಕು ಅಂತ ಯಾವಾಗ ಹೇಳ್ದೆ?"

"ಅದು ಸರಿಯಾಗಿದ್ರೆ ತಪ್ಪು ನನ್ನದು ಅಂತ ಆಗುತ್ತೆ. ನನ್ನನ್ನ ನಿಮ್ಮ ಕಿಟಕಿಗೆ ಹಾಕ್ತಾರೆ."

"ನನ್ನ ಕಿಟಕಿಗಾ? ಹಾಗಾದ್ರೆ ನಾನೆಲ್ಲಿಗೆ ಹೋಗಲಿ?" ಅಂತ ಅಕ್ಕನಿಗೂ ಈಗ ಗಾಬರಿಯಾಯಿತು.

ಅಲ್ಲಿಂದ ಮುಂದಿನ ಎರಡು ಗಂಟೆ ಮೂವರೂ ಸೇರಿ, ಕಷ್ಟಪಟ್ಟು ಸರಿಮಾಡಿದ್ದನ್ನು ಕೆಡಿಸೋದಕ್ಕೆ ಕಷ್ಟಪಟ್ಟರು. ತಿರುಪಿನ ತಲೆಯ ಗೀಟಿನಲ್ಲೆಲ್ಲ ಬಣ್ಣ ತುಂಬಿಕೊಂಡು ಸ್ಕ್ರೂಡ್ರೈವರ್ ಕೂರಲೇ ಇಲ್ಲ. ಒತ್ತಿ ತಿರುಗಿಸಿದರೆ ಜಾರಿ ಗುರಿಕಾರನ ಹೆಬ್ಬೆರಳಿಗೆ ಚುಚ್ಚಿತು. ಎಲೆಕ್ಟ್ರಿಷಿಯನ್ ಇಕ್ಕಳ ತಂದ. ಇಕ್ಕಳದಲ್ಲಿ ಎಳೆದರೆ ತಿರುಪಿನ ತಲೆ ನುಣ್ಣಗಾಯಿತೇ ಹೊರತು ತಿರುಪು ಮಿಸುಕಲಿಲ್ಲ. ಬಿಸಿನೀರು ಹೊಯ್ದರು, ಮೌಂಟು ಇನ್ನಷ್ಟು ಹೊಳೆಯಿತು. ಬಣ್ಣ ಅಳಿಸುವ ಮದ್ದು ಇಲ್ಲವೇ ಅಂತ ಕೇಳಿದರೆ ಅದು ಅಕ್ಕನ ಮನೆಯಲ್ಲಿತ್ತು, ಅಕ್ಕ ಮನೆಗೆ ಹೋಗಿ ಬರುವಷ್ಟರಲ್ಲಿ ಕಿಟಕಿ ತೆರೆಯುವ ಹೊತ್ತು ಮೀರುತ್ತಿತ್ತು.

"ಇಷ್ಟು ವರ್ಷ ಹಾಳಾಗಿದ್ದು ಇವತ್ತು ಎಷ್ಟು ಗಟ್ಟಿ ಆಗಿಬಿಡ್ತು ನೋಡಿ," ಅಂದ ಎಲೆಕ್ಟ್ರಿಷಿಯನ್. ಅವನ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು.

ಕಿಟಕಿ ತೆರೆಯುವ ಹೊತ್ತಾಗಿ ಹೊರಟ ಅಕ್ಕ ಬಾಗಿಲಲ್ಲಿ ನಿಂತು ಒಂದು ಬುದ್ಧಿ ಹೇಳಿದಳು. "ತಮ್ಮಾ, ಅವರು ಏನೇ ಕೇಳಲಿ, ನೀನು ಒಂದೇ ಮಾತು ಹಿಡ್ಕೋ. ಹೊಡೆಯೋದು ಮೌಂಟು, ಮನುಷ್ಯ ಬರೀ ಟ್ರಿಗರ್ ಒತ್ತೋನು ಅನ್ನು. ಈ ಮಾತು ಬಿಟ್ಟು ಆಚೆ ಈಚೆ ಹೋಗಬೇಡ."

ಮಾತು ಗುರಿಕಾರನ ಮನಸ್ಸಿಗೆ ಹಿಡಿಸಿತು. ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಬಂದೂಕು ಹೆಗಲಿಗೇರಿಸಿದ.

ಹನ್ನೊಂದು ಗಂಟೆಗೆ ಆಸ್ಪತ್ರೆಯ ಹಿಂದಿನ ಬಯಲಲ್ಲಿ ಸಮಿತಿ ಸೇರಿತು. ನಿರ್ದೇಶಕರು, ಡಾಕ್ಟರು, ಸ್ಟೋರ್‌ಕೀಪರು, ಮೂವರಿಗೆ ಮೂರು ಕುರ್ಚಿ. ಮೇಜಿನ ಮೇಲೆ ಸಾಕ್ಷಿಯಾಗಿ ತೂತಾದ ಟೊಪ್ಪಿಗೆ. ಅದು ಸಾಕ್ಷಿಯಾಗಿದ್ದರಿಂದ ನಿರ್ದೇಶಕರು ಅದನ್ನು ಹಾಕಿಕೊಳ್ಳುವಂತಿರಲಿಲ್ಲ, ಬಿಸಿಲಿಗೆ ಅವರ ತಲೆ ಕಾಯುತ್ತಿತ್ತು. ಮೂವತ್ತು ಹೆಜ್ಜೆ ದೂರದಲ್ಲಿ ಹುಲ್ಲು ತುಂಬಿದ ಗೋಣಿಚೀಲ ನಿಲ್ಲಿಸಿ ಅದರ ಮೇಲೆ ಸುಣ್ಣದಲ್ಲಿ ಒಂದು ವೃತ್ತ ಬರೆದಿದ್ದರು. ಚೀಲದ ಪಕ್ಕದ ಗೂಟಕ್ಕೆ ಯಾರೋ ನೀರಿನ ಬಕೆಟ್ ಸಿಕ್ಕಿಸಿದ್ದರು. ಬಂದೂಕಿಗೆ ಮದ್ದಿಲ್ಲದ ಖಾಲಿ ಸೂಜಿ.

"ಎಲ್ಲಿ, ಹೊಡೀರಿ ನೋಡೋಣ," ಅಂದರು ನಿರ್ದೇಶಕರು.

ಗುರಿಕಾರ ಮನಸ್ಸಿನಲ್ಲೇ ಮೌಂಟಿಗೆ ಕೈಮುಗಿದು ವೃತ್ತಕ್ಕೆ ಹೊಡೆದ. ಸೂಜಿ ಹೋಗಿ ವೃತ್ತದ ನಟ್ಟನಡುವೆ ನಾಟಿತು. ಎರಡನೆಯದು ಹೊಡೆದ. ಅದೂ ಹೋಗಿ ಮೊದಲನೆಯದಕ್ಕೆ ತಾಗಿಕೊಂಡು ಕೂತಿತು. ಹದಿನೇಳು ವರ್ಷದಲ್ಲಿ ಇಷ್ಟು ಚೆನ್ನಾಗಿ ಅವನು ಹೊಡೆದಿರಲಿಲ್ಲ. ಇಷ್ಟು ಸಂಕಟವೂ ಆಗಿರಲಿಲ್ಲ.

"ಭೇಷ್," ಅಂದರು ಡಾಕ್ಟರು.

"ಉಪಕರಣ ಸುಸ್ಥಿತಿಯಲ್ಲಿದೆ ಅಂತ ಬರೀಲಾ?" ಅಂದರು ಸ್ಟೋರ್‌ಕೀಪರು, ಪೆನ್ನಿನ ಮುಚ್ಚಳ ತೆಗೆದು.

"ತಡೀರಿ ಸಾರ್," ಅಂದ ಗುರಿಕಾರ. "ನನ್ನ ಕೆಲಸ ಈ ಬಯಲಲ್ಲಿ ಆಗೋದಲ್ಲ. ಜೀಪಲ್ಲಿ ಕುಲುಕಾಡಿಕೊಂಡು ಹೋಗಿ ಹೊಡೆಯೋದು. ಕುಲುಕಿದ್ರೆ ಮೌಂಟು ಕೆಡುತ್ತೆ. ಜೀಪಲ್ಲಿ ಒಂದು ಸುತ್ತು ಹೋಗಿಬಂದು ನೋಡಬೇಕು."

ನಿರ್ದೇಶಕರು ನ್ಯಾಯವಂತರು. "ಸರಿ, ಹಾಗೂ ಆಗಲಿ. ಆಮೇಲೆ ಯಾರೂ ಕೊರತೆ ಹೇಳಬಾರದು," ಅಂತ ತಾವೇ ಮುಂದಿನ ಸೀಟಿನಲ್ಲಿ ಹತ್ತಿದರು. ಜೀಪು ಓಡಿಸುವವನೂ ಎಲೆಕ್ಟ್ರಿಷಿಯನ್ನೇ. ಗುರಿಕಾರ ಅವನ ಕಿವಿಯಲ್ಲಿ, "ಒಂದು ಹಳ್ಳಾನೂ ಬಿಡಬೇಡ," ಅಂದ.

ಬೆಳಿಗ್ಗೆ ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಅಂದುಕೊಂಡ ಎಲೆಕ್ಟ್ರಿಷಿಯನ್ ಹಳ್ಳವನ್ನು ಬಿಡಲಿಲ್ಲ. ಇದ್ದ ಹಳ್ಳಗಳನ್ನು ಮುಗಿಸಿ, ಇಲ್ಲದ ಕಡೆ ಕಲ್ಲು ಹುಡುಕಿ ಹತ್ತಿಸಿದ. ನಿರ್ದೇಶಕರ ತಲೆ ಮೂರು ಸಲ ಮೇಲಿನ ಕಂಬಿಗೆ ಬಡಿಯಿತು. ಸ್ಟೋರ್‌ಕೀಪರರ ಕಡತದ ಹಾಳೆಗಳು ಜಿಂಕೆಗಳ ಬೇಲಿಯೊಳಗೆ ಹಾರಿಹೋದವು, ಒಂದೆರಡನ್ನು ಜಿಂಕೆಗಳು ತಿಂದೂಬಿಟ್ಟವು. ಡಾಕ್ಟರು ಕಣ್ಣುಮುಚ್ಚಿ ದೇವರ ಹೆಸರು ಹೇಳುತ್ತ ಕೂತಿದ್ದರು. ಗುರಿಕಾರ ಮಾತ್ರ ಬಂದೂಕನ್ನು ಜೀಪಿನ ಕಬ್ಬಿಣದ ಮೇಲೆ ಒರಗಿಸಿ, ಆದಷ್ಟು ಕುಲುಕಲಿ ಅಂತ ಸುಮ್ಮನೆ ಬಿಟ್ಟಿದ್ದ.

ವಾಪಸು ಬಂದು ದುರ್ಬೀನನ್ನು ಮೆಲ್ಲಗೆ ಒತ್ತಿ ನೋಡಿದ. ಗಟ್ಟಿಯಾಗಿಯೇ ಇದ್ದ ಹಾಗಿತ್ತು. ಇನ್ನು ಉಳಿದಿದ್ದು ಒಂದೇ ದಾರಿ, ಬೇಕೆಂದೇ ತಪ್ಪು ಹೊಡೆಯುವುದು. ಹದಿನೇಳು ವರ್ಷದಲ್ಲಿ ಅಂಥ ಕೆಲಸ ಮಾಡಿದವನಲ್ಲ. ಮನಸ್ಸಿಗೆ ನಾಚಿಕೆಯಾಯಿತು. ಆದರೆ ಟಿಕೆಟ್ ಕಿಟಕಿಯ ತೂತು ಕಣ್ಣ ಮುಂದೆ ಬಂತು. ಹಲ್ಲುಕಚ್ಚಿ, ಚೀಲದಿಂದ ಎರಡು ಗೇಣು ಆಚೆಗಿದ್ದ ಬಕೆಟ್ಟಿಗೆ ಗುರಿಯಿಟ್ಟು ಹೊಡೆದ.

ಸೂಜಿ ಹೋಗಿ ಗೋಣಿಚೀಲದ ವೃತ್ತದ ನಡುವೆ, ಮೊದಲೆರಡು ಸೂಜಿಗಳ ಮಧ್ಯೆ ನಾಟಿತು.

ಮೂವರೂ ಚಪ್ಪಾಳೆ ತಟ್ಟಿದರು. ಗುರಿಕಾರ ಇಂಗು ತಿಂದ ಮಂಗನ ಹಾಗೆ ನಿಂತ. ಆಮೇಲೆ ಅವನಿಗೆ ಹೊಳೆಯಿತು. ಮೌಂಟು ಕೆಟ್ಟಿದೆ. ಒಳಗಿನ ತಗಡು ಜಾರಿ ದುರ್ಬೀನು ಓರೆಯಾಗಿದೆ. ಸಂತೋಷ ತಡೆಯಲಾರದೆ ಓಡಿಬಂದು, "ಕೆಟ್ಟಿದೆ ಸಾರ್, ಚೆನ್ನಾಗಿ ಕೆಟ್ಟಿದೆ," ಅಂದ.

"ಏನ್ರೀ ಕೆಟ್ಟಿರೋದು? ಮೂರಕ್ಕೆ ಮೂರೂ ಬಿದ್ದಿದೆಯಲ್ಲ."

"ಬಿದ್ದಿದ್ದಕ್ಕೇ ಸಾರ್ ಹೇಳ್ತಿರೋದು. ನಾನು ಗುರಿ ಇಟ್ಟಿದ್ದು ಬಕೆಟ್ಟಿಗೆ."

ನಿರ್ದೇಶಕರು ನಿಧಾನವಾಗಿ ಎದ್ದು ನಿಂತರು.

"ಅಂದ್ರೆ ಸಮಿತಿ ಮುಂದೆ ಬೇಕಂತಲೇ ತಪ್ಪಾಗಿ ಹೊಡೆಯೋಕೆ ನೋಡಿದ್ರಿ."

"ಹಾಗಲ್ಲ ಸಾರ್..."

"ಅದೂ ನಿಮಗೆ ಸರಿಯಾಗಿ ಬರಲಿಲ್ಲ. ಬಕೆಟ್ಟಿಗೆ ಗುರಿ ಇಟ್ಟು ಚೀಲಕ್ಕೆ ಹೊಡೆಯೋ ಮನುಷ್ಯನ ಕೈಗೆ ನಾನು ಹುಲೀನ ಹೇಗ್ರೀ ಒಪ್ಪಿಸಲಿ? ಇವತ್ತು ಚೀಲ, ನಾಳೆ ನಾನು."

"ಇದನ್ನ ಯಾವ ಕಾಲಮ್ಮಲ್ಲಿ ಬರೀಲಿ?" ಅಂದರು ಸ್ಟೋರ್‌ಕೀಪರು. "ಗುರಿ ತಪ್ಪಿದೆ ಅನ್ನಲಾ, ತಾಗಿದೆ ಅನ್ನಲಾ?"

"ಎರಡೂ ಇರಬಹುದು," ಅಂದರು ಡಾಕ್ಟರು. ಯಾವ ಪ್ರಾಣಿಯ ಯಾವ ಕಾಯಿಲೆಗೂ ಅವರು ಮೊದಲು ಹೇಳುವ ಮಾತು ಅದೇ.

ಗುರಿಕಾರನಿಗೆ ಅಳುವೊಂದು ಬಾಕಿ. ಬಂದೂಕನ್ನು ಎರಡೂ ಕೈಯಲ್ಲಿ ನಿರ್ದೇಶಕರ ಮುಂದೆ ಹಿಡಿದ. "ಸಾರ್, ನೀವೇ ಒಂದು ಸಲ ನೋಡಿ. ಹೊಡೆಯೋದು ಮೌಂಟು ಸಾರ್. ಮನುಷ್ಯ ಬರೀ ಟ್ರಿಗರ್ ಒತ್ತೋನು. ನನ್ನ ಮಾತು ಬೇಡ, ನಿಮ್ಮ ಕಣ್ಣನ್ನೇ ನಂಬಿ."

ನಿರ್ದೇಶಕರು ಬಂದೂಕನ್ನು ಇಸಿದುಕೊಂಡು, ಒಂದು ಕೈಯಲ್ಲಿ ನಳಿಗೆ, ಇನ್ನೊಂದು ಕೈಯಲ್ಲಿ ದುರ್ಬೀನು ಹಿಡಿದು ಕಣ್ಣಿಗೆ ಹಚ್ಚಿದರು. ಕರಡಿಯ ಗೂಡಿನ ಕಡೆ ತಿರುಗಿದರು. ಆಗ ಏನೋ ಕಿರ್ ಅಂತ ಸದ್ದಾಯಿತು. ಬಂದೂಕು ಅವರ ಕೈಯಿಂದ ಸೊಂಟದವರೆಗೆ ಇಳಿಯಿತು. ದುರ್ಬೀನು ಮಾತ್ರ ಅವರ ಕಣ್ಣಲ್ಲೇ ಉಳಿಯಿತು.

"ಚೆನ್ನಾಗೇ ಕಾಣ್ತಿದೆಯಲ್ಲ," ಅಂದರು ನಿರ್ದೇಶಕರು, ಇನ್ನೂ ನೋಡುತ್ತ. "ಕರಡಿ ಆಕಳಿಸ್ತಾ ಇದೆ."

ತಗಡಿನ ತುಂಡು ಬಂದು ಅವರ ಬೂಟಿನ ಮೇಲೆ ಬಿತ್ತು. ಎರಡಾಗಿ ಬಿರುಕುಬಿಟ್ಟ ಬಳೆ, ಪಟ್ಟಿ ತಿರುಪು ಸಮೇತ ಕಿತ್ತುಬಂದು, ಹುಲ್ಲಿನ ಮೇಲೆ ಉರುಳಿತು. ಕಣ್ಣಿನಿಂದ ದುರ್ಬೀನು ಇಳಿಸಿ ನಿರ್ದೇಶಕರು ತಮ್ಮ ಎಡಗೈ ನೋಡಿದರು, ಬಲಗೈ ನೋಡಿದರು, ಮೇಜಿನ ಮೇಲಿದ್ದ ಟೊಪ್ಪಿಗೆ ನೋಡಿದರು.

"ಸಮಿತಿ ಎದುರಿಗೇ ಕೆಟ್ಟಿದೆ," ಅಂದರು ಸ್ಟೋರ್‌ಕೀಪರು. ಅವರ ಮುಖ ಬೆಳಗಿತು. ಆರು ವರ್ಷದಿಂದ ಅವರು ಕಾಯುತ್ತಿದ್ದುದೂ ಇದನ್ನೇ. ಮೂವರೂ ಅಲ್ಲೇ ಸಹಿ ಹಾಕಿದರು. ಸ್ಟೋರ್‌ಕೀಪರು ದಾಪುಗಾಲು ಹಾಕಿಕೊಂಡು ಹೋಗಿ ಎಣ್ಣೆ ಕಾಗದದ ಪೊಟ್ಟಣ ತಂದು, ತಾವೇ ಬಿಚ್ಚಿ, ಒಂದು ಸಲ ಸವರಿ, ಗುರಿಕಾರನ ಕೈಗಿಟ್ಟರು.

ಹೊಸ ಮೌಂಟು ಕೂತ ರೀತಿಯೇ ಬೇರೆ. ತಿರುಪು ತಿರುಗಿಸಿದರೆ ಕಚ್ಚುತ್ತಿತ್ತು, ಕಚ್ಚಿದ ಮೇಲೆ ನಿಲ್ಲುತ್ತಿತ್ತು. ಗುರಿಕಾರ ಒಂದೊಂದಾಗಿ ಎಂಟನ್ನೂ ಬಿಗಿ ಮಾಡಿ, ಹೊಡೆದು ನೋಡಿ, ದುರ್ಬೀನನ್ನು ಎಳೆಯಷ್ಟು ಆಚೆ ಈಚೆ ಸರಿಪಡಿಸಿ, ಮತ್ತೆ ಹೊಡೆದ. ಸೂಜಿ ಹೇಳಿದಲ್ಲಿಗೆ ಹೋಯಿತು. ಬಕೆಟ್ಟಿಗೆ ಅಂದರೆ ಬಕೆಟ್ಟಿಗೆ, ಚೀಲಕ್ಕೆ ಅಂದರೆ ಚೀಲಕ್ಕೆ. ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ನಿರ್ದೇಶಕರು ಅವನ ಬೆನ್ನು ತಟ್ಟಿದರು. "ತಪ್ಪು ತಿಳ್ಕೊಂಡಿದ್ದೆ ಕಣ್ರೀ. ಇಷ್ಟು ದಿನ ತಪ್ಪಿದ್ದೆಲ್ಲ ಮೌಂಟಿನದೇ. ಮನುಷ್ಯನದು ಏನೂ ಇಲ್ಲ."

ಇಷ್ಟಕ್ಕೆ ಗುರಿಕಾರ ಬಾಯಿ ಮುಚ್ಚಿಕೊಂಡು, ಬಂದೂಕು ಹೆಗಲಿಗೆ ಹಾಕಿಕೊಂಡು, ಆಸ್ಪತ್ರೆಗೆ ಹೋಗಿ ಊಟ ಮಾಡಬಹುದಿತ್ತು. ಡಬ್ಬಿಯಲ್ಲಿ ಒಂದು ಸೌಟು ಅನ್ನ ಹೆಚ್ಚಿಗೂ ಇತ್ತು. ಆದರೆ ಗೆದ್ದ ಮನುಷ್ಯನ ನಾಲಿಗೆ ಇದೆಯಲ್ಲ, ಅದಕ್ಕೆ ಯಾವ ಬಣ್ಣ ಹಾಕಿದರೂ ಬಿಗಿಯಾಗುವುದಿಲ್ಲ.

"ಅದನ್ನೇ ಸಾರ್ ನಾನು ಬಡ್ಕೊಳ್ತಿದ್ದದ್ದು," ಅಂದ. "ಮನುಷ್ಯನದೇನಿದೆ ಇದರಲ್ಲಿ? ಮೌಂಟು ಸರಿ ಇದ್ರೆ ಯಾರು ಬೇಕಾದ್ರೂ ಹೊಡೀಬಹುದು. ಹುಟ್ಟಿದಾಗಿನಿಂದ ಬಂದೂಕು ಮುಟ್ಟದವರೂ ಹೊಡೀಬಹುದು. ಬೇಕಾದ್ರೆ ಈಗಲೇ ತೋರಿಸ್ತೀನಿ."

ಅದೇ ಹೊತ್ತಿಗೆ ಊಟದ ಬಿಡುವಿಗೆ ಕಿಟಕಿ ಮುಚ್ಚಿ, ಇಲ್ಲಿ ಏನಾಯಿತೋ ಅನ್ನುವ ಕಳವಳದಲ್ಲಿ, ಟಿಕೆಟ್ ಅಕ್ಕ ಬಯಲಿಗೆ ಬಂದಳು.

"ಬನ್ನಿ ಅಕ್ಕಾ," ಅಂತ ಗುರಿಕಾರ ಅವಳನ್ನು ಎಳೆದುಕೊಂಡೇ ಬಂದ. "ನೀವು ಯಾವತ್ತಾದ್ರೂ ಬಂದೂಕು ಹಿಡಿದಿದ್ದೀರಾ?"

"ನಾನು ಸೂಜಿ ಹಿಡಿಯೋದು ಹೊಲಿಗೆಗೆ ಮಾತ್ರ ಕಣೋ."

"ಸಾಕು. ಇದನ್ನ ಹೆಗಲಿಗೆ ಒತ್ತಿ ಹಿಡೀರಿ. ಇಲ್ಲಿ ಕಣ್ಣಿಡಿ. ಒಳಗೆ ಗೀಟು ಕಾಣುತ್ತಲ್ಲ, ಅದನ್ನ ಸುಣ್ಣದ ವೃತ್ತದ ಮಧ್ಯಕ್ಕೆ ತನ್ನಿ. ಉಸಿರು ಬಿಡಿ. ಈಗ ಮೆಲ್ಲಗೆ ಒತ್ತಿ."

ಅಕ್ಕ ಒತ್ತಿದಳು. ಸೂಜಿ ವೃತ್ತದ ನಡುವೆ. ಇನ್ನೊಂದು ಕೊಟ್ಟ, ಅದೂ ನಡುವೆ. ಮೂರನೆಯದನ್ನು ಅವಳೇ ತುಂಬಿಕೊಂಡು, ಅವನು ಹೇಳುವ ಮುಂಚೆಯೇ ಹೊಡೆದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಗುರಿಕಾರ.

"ನೋಡಿದಿರಾ ಸಾರ್?" ಅಂದ.

"ನೋಡಿದೆ," ಅಂದರು ನಿರ್ದೇಶಕರು. ಅವರು ಗಲ್ಲ ಕೆರೆದುಕೊಳ್ಳುತ್ತಿದ್ದರು. "ನೀವು ಹೇಳಿದ್ದು ನೂರಕ್ಕೆ ನೂರು ಸತ್ಯ. ಸ್ಟೋರ್‌ಕೀಪರೇ, ಬರ್ಕೊಳ್ಳಿ. ಈ ಕೆಲಸಕ್ಕೆ ಮೌಂಟು ಸರಿಯಾಗಿರಬೇಕು, ಅಷ್ಟೇ. ವಿಶೇಷ ಮನುಷ್ಯ ಬೇಕಾಗಿಲ್ಲ ಅಂತ ಸಮಿತಿ ಎದುರಿಗೇ ಸಾಬೀತಾಗಿದೆ. ಟಿಕೆಟ್ ಕಿಟಕಿಗೆ ಮಾತ್ರ ಅನುಭವಸ್ಥರು ಬೇಕು. ಜನ ಅಲ್ಲಿ ಪ್ರಾಣಿಗಳಿಗಿಂತ ಜೋರು ಗಲಾಟೆ ಮಾಡ್ತಾರೆ. ಹದಿನೇಳು ವರ್ಷದ ಅನುಭವಾನ ಬರೀ ಟ್ರಿಗರ್ ಒತ್ತೋದಕ್ಕೆ ಹಾಳುಮಾಡೋದು ತಪ್ಪು. ಇವತ್ತಿನಿಂದ ಬಂದೂಕು ಅಕ್ಕನ ಕಡೆ. ಕಿಟಕಿ ಇವರ ಕಡೆ."

ಗುರಿಕಾರನ ಚಪ್ಪಾಳೆಯ ಕೈ ಗಾಳಿಯಲ್ಲೇ ನಿಂತಿತು.

"ಸಾರ್, ಹಾಗಲ್ಲ ಸಾರ್. ಇವತ್ತು ಚೀಲ, ಚೀಲ ಅಲ್ಲಾಡಲ್ಲ. ಹುಲಿ ಅಲ್ಲಾಡುತ್ತೆ. ಗಾಳಿ ನೋಡಬೇಕು, ಉಸಿರು ನೋಡಬೇಕು, ಅದರ ಕಣ್ಣು ನೋಡಬೇಕು. ಮೌಂಟೊಂದರಿಂದ ಏನೂ ಆಗಲ್ಲ. ಹೊಡೆಯೋದು ಮನುಷ್ಯ ಸಾರ್."

"ಹೊಡೆಯೋದು ಮನುಷ್ಯನಾ?"

"ಹೌದು ಸಾರ್, ಮನುಷ್ಯನೇ."

ನಿರ್ದೇಶಕರು ಮೇಜಿನ ಮೇಲಿನ ಟೊಪ್ಪಿಗೆಯನ್ನು ಎತ್ತಿ, ಅದರ ತೂತಿನಲ್ಲಿ ಕಿರುಬೆರಳು ತೂರಿಸಿ ಅವನ ಮುಂದೆ ಹಿಡಿದರು. "ಹಾಗಾದ್ರೆ ಇದನ್ನ ಹೊಡೆದದ್ದೂ ಮನುಷ್ಯನೇ ಅಂತಾಯ್ತು. ಹಾಗಂತ ಬರೆದ್ರೆ ಮೆಮೊ ಪ್ರಕಾರ ಟಿಕೆಟ್ ಕಿಟಕಿ. ಮೌಂಟು ಅಂತ ಬರೆದ್ರೆ ಈಗ ಹೇಳಿದ ಪ್ರಕಾರ ಟಿಕೆಟ್ ಕಿಟಕಿ. ಯಾವುದು ಬರೀಬೇಕು ಹೇಳಿ. ನಿಮ್ಮ ಇಷ್ಟ."

"ಎರಡೂ..." ಅಂತ ಡಾಕ್ಟರು ಶುರುಮಾಡಿದವರು ಗುರಿಕಾರನ ಮುಖ ನೋಡಿ ಸುಮ್ಮನಾದರು.

ಗುರಿಕಾರ ಟೊಪ್ಪಿಗೆಯ ತೂತಿನಲ್ಲಿದ್ದ ಬೆರಳು ನೋಡಿದ, ಸ್ಟೋರ್‌ಕೀಪರರ ಪೆನ್ನು ನೋಡಿದ. ಕೊನೆಗೆ, ಹೆಸರಾದರೂ ಉಳಿಯಲಿ ಅಂತ, "ಮೌಂಟು ಅಂತಲೇ ಬರೀರಿ," ಅಂದು ಸಹಿ ಹಾಕಿದ.

ಅಕ್ಕ ಅವನ ಜೊತೆ ಗೇಟಿನವರೆಗೆ ಬಂದಳು. ಅವಳ ಹೆಗಲಲ್ಲಿ ಬಂದೂಕಿತ್ತು, ಆಗಲೇ ಒಗ್ಗಿದ ಹಾಗೆಯೂ ಇತ್ತು. "ಬೇಜಾರು ಮಾಡ್ಕೋಬೇಡ ತಮ್ಮಾ. ನಾನು ಕೇಳಿದ್ದಲ್ಲ," ಅಂದಳು. ಆಮೇಲೆ, ಬಚ್ಚಿಡಲಾರದೆ, "ಹನ್ನೆರಡು ವರ್ಷದಿಂದ ಈ ಗೇಟಲ್ಲಿದ್ದೀನಿ ನೋಡು. ಇನ್ನೂ ಹುಲೀನ ಒಂದ್ಸಲ ಕೂಡ ನೆಟ್ಟಗೆ ನೋಡಿಲ್ಲ," ಅಂತ ಹೇಳಿ, ಕಿಟಕಿಯ ಬೀಗದ ಕೈ ಅವನ ಕೈಗಿಟ್ಟು, ಬಿರಬಿರನೆ ಒಳಗೆ ಹೋದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ಗುರಿಕಾರನಿಗೆ ಬಹಳ ಅನ್ನಿಸಿತು, ಆದರೆ ಆಗಲಿಲ್ಲ.

ಎರಡು ಗಂಟೆಗೆ ಕಿಟಕಿ ತೆರೆದ. ಹೊರಗೆ ಸಾಲು ಬೆಳೆದು, ಜನ ಆಗಲೇ ಗೊಣಗುತ್ತಿದ್ದರು. ತೂತಿನಿಂದ ಮೊದಲ ಕೈ ಒಳಗೆ ಬಂತು.

"ಎರಡು ದೊಡ್ಡೋರು, ಒಂದು ಮಗು," ಅಂದಿತು ಕೈಯ ಹಿಂದಿನ ದನಿ. "ಅಲ್ಲ ಸ್ವಾಮಿ, ಇಷ್ಟು ದೂರದಿಂದ ಬಂದಿದ್ದೀವಿ. ಈಗ ಹುಲಿ ಎದ್ದಿದೆಯಾ, ಮಲಗಿದೆಯಾ?"

ಹದಿನೇಳು ವರ್ಷದಲ್ಲಿ ಮೊದಲ ಸಲ ಗುರಿಕಾರನಿಗೆ ಅದು ಗೊತ್ತಿರಲಿಲ್ಲ.

"ನನ್ನನ್ನ ಕೇಳಿದ್ರೆ?" ಅಂದ, ಟಿಕೆಟ್ ಹರಿದು ಕೊಡುತ್ತ. "ಒಳಗೆ ಹೋಗಿ ನೋಡಿ."